ಸಿಗ್ನಲ್ ಕೆಟ್ಟಾಗ ಮೊದಲು ಯಾರು ಹೋಗಬೇಕು?

ತುಮಕೂರಲ್ಲಿ ಕರೆಂಟ್ ಹೋಗಿ ಸಿಗ್ನಲ್ ಆರಿದ್ದಾಗ ಅಡ್ಡರಸ್ತೆಯಿಂದ ಮುಖ್ಯರಸ್ತೆಯಾದ ಬಿ.ಎಚ್. ರಸ್ತೆಗೆ ಬರುವವರು ಕಾಯಬೇಕಾ, ಮೊದಲು ನುಗ್ಗಿದವರದ್ದೇ ಹಕ್ಕಾ ಅಂತ ಕೇಳಿದ್ದೀರಿ. ಅಡ್ಡರಸ್ತೆಯಿಂದ ಬರುವವರೇ ಕಾಯಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಮುಖ್ಯರಸ್ತೆಯ ವಾಹನಕ್ಕೇ ಆದ್ಯತೆ. ಎರಡೂ ಸಮಾನ ರಸ್ತೆಗಳಾದರೆ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಾವು ಎಡಕ್ಕೆ ಓಡಿಸುವುದರಿಂದ ಸರ್ಕಲ್‌ಗೆ ಕಾಲಿಟ್ಟ ಕೂಡಲೇ ಮೊದಲು ಅಡ್ಡ ಸಿಗುವುದು ಬಲಗಡೆಯ ವಾಹನವೇ. ನಡುವೆ ಸುತ್ತುಕಟ್ಟೆ ಇದ್ದರೆ ಆಗಲೇ ಸುತ್ತುತ್ತಿರುವವರಿಗೆ ಬಿಡಿ. ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅವರ ಕೈಯೇ ಸಿಗ್ನಲ್.

ದೀಪ ಪೂರ್ತಿ ಆರಿರುವುದು ಬೇರೆ, ಮಿನುಗುವುದು ಬೇರೆ. ಹಳದಿ ಮಿನುಗಿದರೆ ನಿಧಾನಿಸಿ, ನೋಡಿಕೊಂಡು ಹೋಗಿ. ಕೆಂಪು ಮಿನುಗಿದರೆ ಪೂರ್ತಿ ನಿಲ್ಲಿಸಿ, ಆಮೇಲೆ ದಾಟಿ.

ಎಡವಟ್ಟಾಗುವುದು ಹೆಚ್ಚಾಗಿ ಬಲಕ್ಕೆ ತಿರುಗುವಾಗ. ಎದುರಿನಿಂದ ನೇರ ಬರುವವರನ್ನು ಬಿಟ್ಟೇ ತಿರುಗಬೇಕು. ಎದುರಿನ ಬಸ್ ನಿಂತು ದಾರಿ ಕೊಟ್ಟಿತು ಅಂತ ಒಮ್ಮೆಲೇ ನುಗ್ಗಬೇಡಿ. ಬಸ್ಸಿನ ಮರೆಯಿಂದ ಬರುವ ಸ್ಕೂಟರ್‌ನವರಿಗೆ ನೀವು, ನಿಮಗೆ ಅವರು ಕಾಣುವುದಿಲ್ಲ. ನಿಮ್ಮ ಗಾಡಿಯ ಬಂಪರ್ ಆ ಬಸ್ಸಿನ ಅಂಚು ದಾಟುವಾಗ ಮತ್ತೊಮ್ಮೆ ನಿಲ್ಲಿಸಿ ಇಣುಕಿ. ಇನ್ನು, ನೇರ ಹೋಗಲು ನಾಲ್ಕೂ ಇಂಡಿಕೇಟರ್ ಹಾಕುವ ಚಾಳಿ ಬಿಡಿ. ಪಕ್ಕದಿಂದ ನೋಡುವವರಿಗೆ ಒಂದೇ ಬದಿ ಕಾಣುತ್ತದೆ, ನೀವು ತಿರುಗುತ್ತೀರಿ ಅಂದುಕೊಳ್ಳುತ್ತಾರೆ. ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ ನಮ್ಮೂರಲ್ಲಿ ಅದರರ್ಥ ‘ನೀವು ಹೋಗಿ’ ಅಂತಲ್ಲ, ‘ನಾನು ಬಂದೆ’ ಅಂತ!