ಮೂಗಿನ ಆಪರೇಷನ್ ಆಗಿದೆ, ನೀರಿಗೆ ಯಾವಾಗ ಇಳಿಯಬಹುದು?

ಪ್ರಶ್ನೆ: ಮೂಗಿನ ನಡುಗೋಡೆ ಸೊಟ್ಟ ಇತ್ತು, ಆಪರೇಷನ್ ಆಗಿ ಮೂರು ವಾರ ಆಯ್ತು. ಒಳಗಿಟ್ಟಿದ್ದ ಪಟ್ಟಿ ತೆಗದಾರ. ನೋವಿಲ್ಲ, ಉಸಿರು ಸರಾಗ ಆಡ್ತದ. ಈ ಬಿಸಲಾಗ ಈಜುಕೊಳಕ್ಕ ಹೋಗದೇ ಇರೋದು ಹ್ಯಾಂಗ? ಡಾಕ್ಟ್ರು ಆರು ವಾರ ಅಂತಾರ. ಅಷ್ಟು ಯಾಕ ಬೇಕು?
– ಓದುಗರು, ಕಲಬುರಗಿ

ಉತ್ತರ: ನೋವಿಲ್ಲ ಎಂಬುದನ್ನು ಅಳತೆ ಮಾಡಿಕೊಳ್ಳಬೇಡಿ. ಮೂಗಿನೊಳಗಿನ ಗಾಯ ಮಾಯುವುದಕ್ಕೆ ಎಷ್ಟೋ ಮೊದಲೇ ನೋವು ಹೋಗಿರುತ್ತದೆ. ಲೋಳೆಯನ್ನು ಗಂಟಲ ಕಡೆಗೆ ತಳ್ಳುವ ಸಣ್ಣ ರೋಮಗಳು ಮೂಗಿನ ಒಳಪೊರೆಯ ಮೇಲಿವೆ. ಕೊಯ್ದ ಜಾಗದಲ್ಲಿ ಅವು ಮತ್ತೆ ಕೆಲಸಕ್ಕೆ ಬರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಒಳಹೊಕ್ಕ ನೀರು ಸರಿಯಾಗಿ ಹೊರಬೀಳದೆ ಹಕ್ಕಳೆಯ ಕೆಳಗೇ ಕೂರುತ್ತದೆ. ಮೈಯ ದ್ರವದಲ್ಲಿ ಶೇ. 0.9ರಷ್ಟು ಉಪ್ಪಿದೆ, ಕೊಳದ ನೀರಿನಲ್ಲಿ ಅಷ್ಟಿಲ್ಲ. ಅದಕ್ಕೇ ಅದು ಉರಿಯುತ್ತದೆ, ಪೊರೆ ಊದುತ್ತದೆ. ಕೊಳದ ಹತ್ತಿರ ಮೂಗಿಗೆ ಹೊಡೆಯುವ ಘಾಟು ಶುದ್ಧ ನೀರಿನ ಗುರುತಲ್ಲ. ಕ್ಲೋರಿನ್ನು ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೈನಿನ ವಾಸನೆ ಅದು. ಹಸಿ ಪೊರೆಗೆ ಅದೇ ಹೆಚ್ಚು ಕಾಟ ಕೊಡುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಹಕ್ಕಳೆ ಗಟ್ಟಿಯಾಗಿ ಅಂಟುತ್ತದೆ. ಕೂಲರ್ ಎದುರು ಮಲಗುವವರಿಗೂ ಹೀಗಾಗುವುದುಂಟು. ಬೆರಳು ಹಾಕಿ ಕಿತ್ತರೆ ರಕ್ತ. ಉಪ್ಪುನೀರಿನಲ್ಲಿ ತೊಳೆಯುವುದನ್ನು ಬಿಡಬೇಡಿ: ಒಂದು ನಿಮಿಷ ಕುದಿಸಿ ಆರಿಸಿದ ಅರ್ಧ ಲೀಟರ್ ನೀರು, ನಾಲ್ಕೂವರೆ ಗ್ರಾಂ ಉಪ್ಪು (ಚಹಾ ಚಮಚಕ್ಕೆ ತುಸು ಕಡಿಮೆ), ಚಿಟಿಕೆ ಅಡುಗೆ ಸೋಡಾ. ಅಯೋಡಿನ್ ಇಲ್ಲದ ಉಪ್ಪಾದರೆ ಉರಿ ಕಡಿಮೆ. ಔಷಧ ಅಂಗಡಿಯ ಪುಡಿ ಪೊಟ್ಟಣ ತಂದರೆ ಅಳತೆಯ ತಾಪತ್ರಯವೇ ಇಲ್ಲ. ನಲ್ಲಿ ನೀರನ್ನು ಹಾಗೇ ಹಾಕಲೇಬೇಡಿ.

ಆರು ವಾರ ಮುಗಿದ ಮೇಲೂ ಕ್ಯಾಲೆಂಡರನ್ನಷ್ಟೇ ನಂಬಬೇಡಿ. ನಾಲ್ಕೈದು ದಿನ ತೊಳೆದ ನೀರಿನಲ್ಲಿ ಹಕ್ಕಳೆ, ರಕ್ತದ ಎಳೆ ಬಂದಿರಬಾರದು. ಬಗ್ಗಿ ಬೂಟಿನ ಲೇಸು ಕಟ್ಟಿದರೂ, ಮೆಟ್ಟಿಲು ಓಡಿ ಹತ್ತಿದರೂ ಮೂಗು ಜಿನುಗಬಾರದು. ಡಾಕ್ಟರು ಒಮ್ಮೆ ದುರ್ಬೀನು ಹಾಕಿ ನೋಡಿ ಹ್ಞೂಂ ಅಂದಿರಬೇಕು. ಮೊದಲ ದಿನ ಹದಿನೈದು ನಿಮಿಷ, ತಲೆ ಮೇಲಿಟ್ಟು ಕಪ್ಪೆ ಈಜು, ಅಷ್ಟೇ. ಮನೆಗೆ ಬಂದು ಮೂಗು ತೊಳೆದು ರಾತ್ರಿಯವರೆಗೆ ಕಾಯಿರಿ. ಏನೂ ಆಗದಿದ್ದರೆ ಎರಡು ದಿನ ಬಿಟ್ಟು ಮುಖ ಮುಳುಗಿಸಬಹುದು. ಮುಖ ನೀರಿನಲ್ಲಿದ್ದಷ್ಟು ಹೊತ್ತೂ ಮೂಗಿನಿಂದ ಸಣ್ಣಗೆ ಗುಳ್ಳೆ ಬಿಡುತ್ತಿರಿ. ಹೊರಬರುವ ಗಾಳಿಯೇ ನೀರನ್ನು ತಡೆಯುತ್ತದೆ. ಗೋಡೆ ಮುಟ್ಟಿ ಲಾಗ ಹೊಡೆದು ತಿರುಗುವಾಗ ಮೂಗಿನ ಹೊಳ್ಳೆ ಮೇಲ್ಮುಖವಾಗುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೂಗಿನ ಎಲುಬನ್ನೂ ಸರಿಪಡಿಸಿದ್ದರೆ ಮೂಗಿನ ಮೇಲೆ ಒತ್ತುವ ಕನ್ನಡಕ ಯಾವಾಗಿನಿಂದ ಎಂದು ಬೇರೆಯಾಗಿ ಕೇಳಿ.

ಪ್ರಶ್ನೆ: ಮೂಗಿನ ದುರ್ಮಾಂಸ ತೆಗೆಸಿ, ಸೈನಸ್ ತೊಳೆಸಿ ಒಂದು ತಿಂಗಳಾಗಿದೆ. ನೀರು ತುಂಬಿದ ಗುಹೆಯೊಳಗಿರುವ ಝರಣಿ ನರಸಿಂಹನ ಹರಕೆ ತೀರಿಸಬೇಕು. ಅಲ್ಲಿ ಈಜುವುದಿಲ್ಲ, ನಡೆಯುವುದಷ್ಟೇ. ಹೋಗಬಹುದೇ?
– ಓದುಗರು, ಬೀದರ್

ಉತ್ತರ: ಗುಹೆಯಲ್ಲಿ ನೀರು ಎದೆಮಟ್ಟ ಬರುತ್ತದೆ. ಹಿಂದೆ ಮುಂದೆ ಜನ, ಎಲ್ಲರೂ ಆ ನೀರಿನಲ್ಲೇ. ಯಾರದೋ ಮೊಣಕೈ ತಗುಲಿ ಮುಖಕ್ಕೆ ನೀರು ಎರಚಿದರೆ ಸಾಕು. ಇನ್ನೆರಡು ತಿಂಗಳು ಹರಕೆ ಕಾಯಲಿ, ದೇವರಿಗೇನು ಅವಸರ! ಗಾಣಗಾಪುರದ ಸಂಗಮದ ಮುಳುಗಿಗೂ ಇದೇ ಮಾತು. ಅಲ್ಲಿ ತಲೆಗೆ ಪ್ರೋಕ್ಷಣೆ ಸಾಕು. ಒಂದು ಮಾತ್ರ ನೆನಪಿರಲಿ: ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ, ಉಪ್ಪುಪ್ಪು ದ್ರವ ತಟತಟ ಬಿದ್ದರೆ ಅದನ್ನು ನೆಗಡಿ ಎಂದುಕೊಳ್ಳಬೇಡಿ. ಅದು ಮಿದುಳಿನ ಸುತ್ತಲಿನ ದ್ರವ ಸೋರುತ್ತಿರುವ ಲಕ್ಷಣವಿರಬಹುದು. ಅದೇ ದಿನ ಆಪರೇಷನ್ ಮಾಡಿದವರಿಗೆ ತೋರಿಸಿ.

ಪ್ರಶ್ನೆ: ಹದಿನೈದು ವರ್ಷದ ಮಗನಿಗೆ ಮೂಗಿನ ಆಪರೇಷನ್ ಆಗಿ ಎರಡು ತಿಂಗಳು. ಹೊಲದ ಬಾವಿಗೆ ಜಿಗಿತೀನಿ ಅಂತಾನ. ಮೂಗಿಗೆ ಕ್ಲಿಪ್ ಹಾಕಿದರ ನಡೀತದೇನ್ರಿ?
– ಓದುಗರು, ಯಾದಗಿರಿ

ಉತ್ತರ: ಈಜಲಿ, ಜಿಗಿಯುವುದು ಬೇಡ. ಕಾಲು ಕೆಳಗೆ ಮಾಡಿ ಜಿಗಿದಾಗ ನೀರು ನೇರ ಹೊಳ್ಳೆಯೊಳಗೆ ಚಿಮ್ಮುತ್ತದೆ. ಮೂಗಿಗೆ ಅದರಷ್ಟು ಕೆಟ್ಟ ಹೊಡೆತ ಈಜಿನಲ್ಲಿ ಬೇರೆ ಇಲ್ಲ. ತಳ ಮುಟ್ಟಿ ಬರುವ ಪಂದ್ಯವೂ ಬೇಡ. ಒಂದು ಮೀಟರ್ ಇಳಿದರೆ ಒತ್ತಡ ಹತ್ತರಲ್ಲೊಂದು ಪಾಲು ಏರುತ್ತದೆ. ಕಿವಿ ಬಿಡಿಸಲು ಮೂಗು ಹಿಡಿದು ಊದಿದರೆ ಆ ಒತ್ತಡವೆಲ್ಲ ಹೊಸ ಗಾಯದ ಮೇಲೆ ಬೀಳುತ್ತದೆ. ಕ್ಲಿಪ್ ನೀರನ್ನು ತಡೆಯುತ್ತದೆ ನಿಜ, ಆದರೆ ಅದು ಹಿಂಡುವುದು ನಡುಗೋಡೆಯ ಮುಂಭಾಗದ ಮೆತ್ತನೆಯ ಜಾಗವನ್ನೇ. ಡಾಕ್ಟರು ಒಪ್ಪಿದ ಮೇಲೆ ಹಾಕಲಿ, ಹಾಕಿಕೊಂಡಾಗ ಬಾಯಿಂದಷ್ಟೇ ಉಸಿರು ಬಿಡಲಿ.

ಬಾವಿಯ ನೀರು ನಿಂತದ್ದು, ಬೇಸಿಗೆಗೆ ಬೆಚ್ಚಗಾದದ್ದು. ಅಂಥ ನೀರಿನಲ್ಲಿರುವ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಏರುವುದು ತೀರಾ ಅಪರೂಪ, ಏರಿದರೆ ಉಳಿಯುವವರೂ ಅಪರೂಪ. 2024 ಮತ್ತು 2025ರಲ್ಲಿ ಕೇರಳದ ಪ್ರಕರಣಗಳ ಸುದ್ದಿ ಓದಿರುತ್ತೀರಿ. ತಳದ ಕೆಸರು ಕದಡದಿರುವುದು, ತಲೆ ಮೇಲಿಟ್ಟು ಈಜುವುದು ಇದಕ್ಕೂ ಒಳ್ಳೆಯದು. ರಕ್ತ ಬಂದರೆ ತಲೆ ಹಿಂದಕ್ಕೆ ಚೆಲ್ಲಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯಿರಿ. ನಡುವೆ ನಿಂತಿತೇ ಎಂದು ಬಿಟ್ಟು ನೋಡಿದರೆ ಮತ್ತೆ ಮೊದಲಿಂದ ಹತ್ತು ನಿಮಿಷ. ಎರಡನೇ ಸಲಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.