ರಿಪೇರಿ ಮುಗಿದರೂ ಸ್ಟಾರ್ಟ್ ಆಗದ ಬೈಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2021ರ 160 ಸಿಸಿ ಬಿಎಸ್ 6 ಬೈಕ್. ಎಡಮಗ್ಗುಲಿಗೆ ಬಿದ್ದು ಹ್ಯಾಂಡಲ್, ಡೂಮ್ (ಹೆಡ್‌ಲೈಟ್ ಕವಚ), ಎಂಜಿನ್ನಿನ ಎಡಬದಿಯ ಮ್ಯಾಗ್ನೆಟ್ ಕವರ್ ಒಡೆದಿದ್ದವು. ಎಲ್ಲವನ್ನೂ ಬದಲಿಸಿ, ಟ್ಯಾಂಕ್ ಇಳಿಸಿ ಚಾಸಿಗೂ ಪೇಂಟ್ ಹೊಡೆಸಿದ್ದಾಯಿತು. ಈಗ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟಿದೆ, ಹೊಸದು ಹಾಕಬೇಕು ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?
– ಓದುಗರು, ಹಾಸನ

ಉತ್ತರ: ಈಗಲೇ ಬೇಡ. ಬಿದ್ದ ಮಾತ್ರಕ್ಕೆ ಇಸಿಯು ಸುಡುವುದು ಅಪರೂಪ. ಬ್ಯಾಟರಿ ಮತ್ತು ಇಸಿಯು ಕಪ್ಲರ್ (ವೈರ್ ಸೇರಿಸುವ ಕನೆಕ್ಟರ್) ಬಿಚ್ಚದೆ ಚಾಸಿಗೆ ವೆಲ್ಡಿಂಗ್ ಮಾಡಿದ್ದರೆ ಆ ಅನುಮಾನಕ್ಕೆ ಅರ್ಥವಿದೆ, ಅದನ್ನು ಮೊದಲು ಕೇಳಿ. ವೆಲ್ಡಿಂಗ್ ಆಗಿಲ್ಲವೆಂದರೆ, ಪೆಟ್ಟು ಬಿದ್ದ ಜಾಗ ಮತ್ತು ರಿಪೇರಿಯಲ್ಲಿ ಕೈಯಾಡಿದ ಜಾಗ, ಇವೆರಡನ್ನೇ ಹುಡುಕಬೇಕು.

ಬೈಕನ್ನು ನೆಟ್ಟಗೆ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಮೇಲೆತ್ತಿ, ಕಿಲ್ ಸ್ವಿಚ್ ಆನ್ ಇಟ್ಟು ಕೀ ತಿರುಗಿಸಿ. ಟ್ಯಾಂಕಿಗೆ ಕಿವಿ ಕೊಟ್ಟರೆ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡ್ ‘ಗುಂಯ್’ ಎಂದು ನಿಲ್ಲಬೇಕು. ಮುಂದಿನ ದಾರಿಯೆಲ್ಲ ಈ ಸದ್ದಿನ ಮೇಲೆ ನಿಂತಿದೆ.

ಸದ್ದೇ ಇಲ್ಲವೆಂದರೆ ಫ್ಯೂಸ್, ಪಂಪ್ ರಿಲೇ, ಟ್ಯಾಂಕಿನ ಕೆಳಗಿನ ಪಂಪ್ ಕಪ್ಲರ್ ನೋಡಿ. ಟ್ಯಾಂಕ್ ಇಳಿಸಿದ್ದಾರಲ್ಲ, ಆ ಕಪ್ಲರ್ ‘ಟಕ್’ ಎಂದು ಕೂರದೆ ಉಳಿದಿರುವುದು ಸಾಮಾನ್ಯ. ಅದೂ ಸರಿಯಿದ್ದರೆ ಬೈಕ್ ಬಿದ್ದುದನ್ನು ಗುರುತಿಸುವ ಸೆನ್ಸರ್ ನೋಡಬೇಕು. ಬಹಳ ಮಂದಿ ಮರೆಯುವುದು ಇದನ್ನೇ. ಬೈಕ್ ಸುಮಾರು 65 ಡಿಗ್ರಿಗಿಂತ ಹೆಚ್ಚು ವಾಲಿದರೆ ಈ ಸೆನ್ಸರ್ ಕೊಡುವ ಸಂಕೇತ ನೋಡಿ ಇಸಿಯು ಪಂಪನ್ನೂ ಕಿಡಿಯನ್ನೂ ನಿಲ್ಲಿಸುತ್ತದೆ. ಬೈಕ್ ಎತ್ತಿ ನಿಲ್ಲಿಸಿದರಷ್ಟೇ ಸಾಲದು, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಪೇಂಟಿಗಾಗಿ ಬಿಚ್ಚಿದ ಸೆನ್ಸರನ್ನು ತಲೆಕೆಳಗಾಗಿಯೋ ಅಡ್ಡಡ್ಡವೋ ಕೂರಿಸಿದ್ದರೆ, ಅಥವಾ ವೈರಿಗೆ ನೇತುಬಿಟ್ಟಿದ್ದರೆ, ನೆಟ್ಟಗೆ ನಿಂತ ಬೈಕ್ ಕೂಡ ಇಸಿಯು ಲೆಕ್ಕದಲ್ಲಿ ಬಿದ್ದ ಬೈಕೇ. ಎಷ್ಟು ಸಲ ಕೀ ತಿರುಗಿಸಿದರೂ ಪ್ರಯೋಜನವಿಲ್ಲ. ಹಲವು ಸೆನ್ಸರ್‌ಗಳ ಮೇಲೆ ‘ಅಪ್’ ಎಂಬ ಬರಹವೋ ಬಾಣದ ಗುರುತೋ ಇರುತ್ತದೆ, ಅದು ಆಕಾಶ ನೋಡುತ್ತಿರಬೇಕು. ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ: ಹಲವು ಮಾದರಿಗಳಲ್ಲಿ ಸೆನ್ಸರ್ ನೆಟ್ಟಗಿದ್ದಾಗ 0.4ರಿಂದ 1.4 ವೋಲ್ಟ್, ವಾಲಿಸಿದಾಗ 4 ವೋಲ್ಟಿನ ಆಸುಪಾಸು ಬರುತ್ತದೆ. ನಿಮ್ಮ ಬೈಕಿನ ಸರಿಯಾದ ಅಂಕಿಯನ್ನು ಸರ್ವೀಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಪಂಪ್ ಸದ್ದು ಬರುತ್ತಿದ್ದರೆ ಕಿಡಿ ನೋಡಿ. ಮೊದಲು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ಕಪ್ಲರ್ ಬಿಚ್ಚಿ. ಕಿಡಿಯ ಹತ್ತಿರ ಪೆಟ್ರೋಲ್ ಆವಿ ಇದ್ದರೆ ಬೆಂಕಿ ಹತ್ತುತ್ತದೆ. ಆಮೇಲೆ ಪ್ಲಗ್ ಬಿಚ್ಚಿ, ಕ್ಯಾಪ್ ಹಾಕಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿನ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಒತ್ತಿ. ಕಿಡಿ ಇಲ್ಲವೆಂದರೆ ನಿಮ್ಮ ಪ್ರಕರಣದಲ್ಲಿ ಮೊದಲ ಅನುಮಾನ ಮ್ಯಾಗ್ನೆಟ್ ಕವರ್ ಒಳಗಿನ ಪಿಕಪ್ ಕಾಯಿಲ್ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಯುವುದು ಅದರಿಂದಲೇ. ಅದರ ಸಂಕೇತ ಬರದಿದ್ದರೆ ಕಿಡಿಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಹೊಸ ಕವರಿಗೆ ಹಳೆ ಕಾಯಿಲ್ ಕೂರಿಸುವಾಗ ವೈರ್ ಕವರಿನ ಅಂಚಿಗೆ ಸಿಕ್ಕಿ ಜಜ್ಜಿರಬಹುದು. ತುಂಡಾದ ವೈರ್ ಜೋಡಿಸುವಾಗ ಎರಡನ್ನೂ ಅದಲುಬದಲು ಮಾಡಿದ್ದರೆ ಕಿಡಿ ಬಂದರೂ ಹೊತ್ತು ತಪ್ಪಿ ಬರುತ್ತದೆ, ಎಂಜಿನ್ ‘ಫಟ್’ ಎಂದು ಹಿಂದಕ್ಕೆ ಒದೆಯುತ್ತದೆ.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಪೈಪ್ ಮತ್ತು ಇಂಜೆಕ್ಟರ್ ಕಪ್ಲರ್ ನೋಡಿ. ಎಣ್ಣೆಯಲ್ಲಿ ತೊಯ್ದಿದ್ದರೆ ಏರ್ ಫಿಲ್ಟರ್ ಬಿಚ್ಚಿ. ಬೈಕ್ ಮಗ್ಗುಲಾಗಿ ಬಿದ್ದಿದ್ದಾಗ ಎಂಜಿನ್ ಆಯಿಲ್ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಫಿಲ್ಟರಿಗೆ ಇಳಿಯುತ್ತದೆ. ಕಾಗದದ ಫಿಲ್ಟರ್ ಎಣ್ಣೆ ಕುಡಿದರೆ ತೊಳೆದು ಉಪಯೋಗವಿಲ್ಲ, ಬದಲಿಸಿ.

ಇಷ್ಟೂ ಸರಿಯಿದ್ದರೆ ಕೀ ಆನ್ ಇಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಮೀಟರ್ ಮಿನುಗಿದರೆ ವೈರಿಂಗ್ ಹ್ಯಾಂಡಲ್ ಬುಡದಲ್ಲಿ ಸಿಕ್ಕಿಕೊಂಡಿದೆ.

ಪ್ರಶ್ನೆ: ಹಳೆಯ 100 ಸಿಸಿ ಕಾರ್ಬ್ಯುರೇಟರ್ ಬೈಕ್. ಬಿದ್ದಮೇಲೆ ಬರೀ ಪೆಟ್ರೋಲ್ ವಾಸನೆ, ಕಿಕ್ ಹೊಡೆದು ಕಾಲು ಸೋತಿತು.
– ಓದುಗರು, ಶಿರಸಿ

ಉತ್ತರ: ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿದೆ. ಪೆಟ್ರೋಲ್ ಕಾಕ್ ಮುಚ್ಚಿ, ಚೋಕ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಒಣಗಿಸಿ. ಕೀ ಆಫ್ ಇಟ್ಟು, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹತ್ತು ಕಿಕ್ ಹೊಡೆದರೆ ಒಳಗಿನದು ಹೊರಬರುತ್ತದೆ. ಮತ್ತೆ ಕಾಕ್ ತೆರೆದಾಗ ಓವರ್‌ಫ್ಲೋ ಪೈಪಿನಿಂದ ಸೋರಿದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಸಿಕ್ಕಿಕೊಂಡಿದೆ, ಇಲ್ಲವೇ ಅದರ ಸೂಜಿಯಲ್ಲಿ ಕಸ ಕೂತಿದೆ. ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಗೇಜ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಮಟ್ಟ ಏರಿದ್ದರೆ ಆಯಿಲ್ ಬದಲಿಸದೆ ಎಂಜಿನ್ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗನ್ನು ತಿನ್ನುತ್ತದೆ.

ಪ್ರಶ್ನೆ: ಒಂದು ತಿಂಗಳು ಗ್ಯಾರೇಜಿನಲ್ಲಿದ್ದ ಬೈಕ್. ಸೆಲ್ಫ್ ಒತ್ತಿದರೆ ‘ಟಕ್’ ಎನ್ನುತ್ತದೆ ಅಷ್ಟೆ.
– ಓದುಗರು, ಗದಗ

ಉತ್ತರ: ಬ್ಯಾಟರಿ ಅಳೆಯಿರಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟಿನಷ್ಟು ಇರಬೇಕು, ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಬರಿ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಇಟ್ಟು ಸೆಲ್ಫ್ ಒತ್ತಿ. ಅರ್ಧ ವೋಲ್ಟ್ ತೋರಿಸಿದರೂ ಅರ್ಥಿಂಗ್ ಕೆಟ್ಟಿದೆ. ಹೊಸ ಪೇಂಟಿನ ಮೇಲೆಯೇ ಅರ್ತ್ ವೈರ್ ಬಿಗಿದಿದ್ದರೆ ಹೀಗಾಗುತ್ತದೆ. ಆ ಬೋಲ್ಟಿನ ಕೆಳಗಷ್ಟೇ ಲೋಹ ಹೊಳೆಯುವಂತೆ ಪೇಂಟ್ ಕೆರೆದು ಬಿಗಿ ಮಾಡಿ, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿ.