ವಿಡಿಯೋ ಕಾಲ್ ಭಜನೆಯಲ್ಲಿ ತಾಳ ತಪ್ಪುತ್ತಿದ್ದರೆ

ಬೆಂಗಳೂರಿನ ಜಯನಗರದ ಹಾಲ್‌ನಲ್ಲಿ ನಡೆಯುವ ನಿಮ್ಮ ಭಜನೆಗೆ ಮೂವರು ಹಿರಿಯರು ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಸೇರುತ್ತಾರೆ, ಅವರ ತಾಳ ತಪ್ಪುತ್ತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಅವರು ತಾಳ ತಪ್ಪುತ್ತಿಲ್ಲ, ಅವರ ದನಿ ಹಾಲ್‌ಗೆ ತಡವಾಗಿ ಬರುತ್ತಿದೆ. ಒಟ್ಟಿಗೆ ಹಾಡಲು ಸುಮಾರು 30 ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಇರಬಾರದು. ವಿಡಿಯೋ ಕಾಲ್‌ನಲ್ಲಿ ಅದು ಸಾಮಾನ್ಯವಾಗಿ 100 ದಾಟುತ್ತದೆ. ದುಬಾರಿ ವೈಫೈ ಹಾಕಿಸಿದರೆ ಸುಮ್ನೆ ದುಡ್ಡು ದಂಡ.

ಮೊದಲು ಆ ಮೂವರೂ ಮ್ಯೂಟ್ ಮಾಡಿಕೊಂಡು ಹಾಲ್‌ನ ಹಾಡಿಗೆ ದನಿಗೂಡಿಸಲಿ. ಆದರೆ ಅಷ್ಟಕ್ಕೇ ಬಿಟ್ಟರೆ ಅವರು ಬರೀ ಕೇಳುಗರಾಗಿಬಿಡುತ್ತಾರೆ, ಅಲ್ವಾ? ಹಾಗಾಗಿ ನಡುನಡುವೆ ಅವರಲ್ಲೊಬ್ಬರು ಸಾಲು ಹೇಳಿಕೊಡಲಿ, ಹಾಲ್‌ನವರು ಹಿಂದೆ ಹೇಳಲಿ. ತಡ ಇದ್ದರೂ ಒಂದು ಉಸಿರಿನಷ್ಟು ಬಿಡುವು ಅನಿಸುತ್ತದೆ, ಅಷ್ಟೇ. ಆಗ ಹಾಲ್‌ನ ತಾಳ ನಿಲ್ಲಿಸಿ, ಹೇಳಿಕೊಡುವವರೇ ತಟ್ಟಲಿ.

ಆಮೇಲೆ ಶ್ರುತಿ. ನಮ್ಮ ಗುಂಪಲ್ಲಿ ಕಾಲ್‌ನಲ್ಲಿ ಶ್ರುತಿಪೆಟ್ಟಿಗೆಯ ದನಿ ಕೆಲವೇ ಕ್ಷಣದಲ್ಲಿ ಮಾಯವಾಗುತ್ತಿತ್ತು. ಒಂದೇ ಸಮ ಕೇಳುವ ಸದ್ದನ್ನು ಆ್ಯಪ್ ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತದೆ! ಜೂಮ್ ಆದರೆ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಹಾಕಿ. ಹಾಕಿದ ಮೇಲೆ ಇಯರ್‌ಫೋನ್ ಬೇಕೇ ಬೇಕು, ಇಲ್ಲದಿದ್ದರೆ ಪ್ರತಿಧ್ವನಿ.

ಕಣ್ಣು ಕಾಣದವರಿಗೆ ಸಾಹಿತ್ಯದ ಫೋಟೋ ಕಳಿಸಬೇಡಿ. ಟೈಪ್ ಮಾಡಿ ವಾಟ್ಸಾಪ್‌ಗೆ ಹಾಕಿ. ಫೋನ್‌ನಲ್ಲಿ ಕನ್ನಡ ದನಿ ಹಾಕಿದ್ದರೆ ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನ್‌ನಲ್ಲಿ ಪರದೆ ಮೇಲಿರುವುದನ್ನು ಓದುವ ಸೌಲಭ್ಯ) ಓದಿ ಹೇಳುತ್ತದೆ.

ನಿಜವಾಗಿ ಒಟ್ಟಿಗೇ ಹಾಡಬೇಕು ಅಂದರೆ ‘ಜಾಮುಲಸ್’ ಇದೆ, ದನಿಯನ್ನು ಕಡಿಮೆ ತಡದಲ್ಲಿ ತಲುಪಿಸುವ ಸಾಫ್ಟ್‌ವೇರ್, ಉಚಿತ. ಕಂಪ್ಯೂಟರ್, ಲ್ಯಾನ್ ಕೇಬಲ್, ವೈರ್ ಇರುವ ಹೆಡ್‌ಫೋನ್ ಬೇಕು. ಎಲ್ಲರೂ ಬೆಂಗಳೂರಲ್ಲೇ ಇರುವುದರಿಂದ ನಡೆಯಬಹುದು, ಆದರೆ ಅವರವರ ಇಂಟರ್ನೆಟ್ ಲೈನ್ ಹೇಗಿದೆಯೋ ನೋಡದೆ ಖಾತ್ರಿ ಕೊಡಲಾರೆ. ಮೊದಲು ಇಬ್ಬರೇ ಕೂತು ಒಂದು ಭಜನೆ ಹಾಡಿ ನೋಡಿ.